ಹದಿನಾರು ಗಂಟೆಯ ಹಸಿವು

ಅಜ್ಜಿಯ ಬಲಗಾಲಿನ ಮೀನಖಂಡದ ಸುತ್ತಳತೆ ಇಪ್ಪತ್ತೊಂಬತ್ತು ಸೆಂಟಿಮೀಟರ್ ಇತ್ತು, ಎಡಗಾಲಿನದು ಇಪ್ಪತ್ತಾರು. ಅಮ್ಮನ ಹೊಲಿಗೆ ಟೇಪಿನಲ್ಲಿ ಎರಡೆರಡು ಸಲ ಅಳೆದು ನೋಡಿದೆ.

ಬಚ್ಚಲಲ್ಲಿ ಜಾರಿ ಬಿದ್ದು, ಎಡಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ ಆಗ ಎರಡು ತಿಂಗಳು. ಮೂಳೆ ಕೂಡಿಕೊಂಡಿತ್ತು; ಕಾಲಿಗೆ ಬಲ ಬಂದಿರಲಿಲ್ಲ. ಅಜ್ಜಿಗೆ ಬೇಕಾಗಿದ್ದು ಒಂದೇ. ಯಾರ ಕೈಯನ್ನೂ ಹಿಡಿಯದೆ ಎದ್ದು, ಬಚ್ಚಲಿಗೆ ಹೋಗಿ, ಒಳಗಿನಿಂದ ಚಿಲಕ ಹಾಕಿಕೊಳ್ಳಬೇಕು.

ವಿಜಯನಗರದ ನಮ್ಮ ಮನೆಗೆ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಬ್ಯಾಡರಹಳ್ಳಿಯಿಂದ ಫಿಸಿಯೋಥೆರಪಿಸ್ಟ್ ಒಬ್ಬಳು ಸ್ಕೂಟರಿನಲ್ಲಿ ಬರುತ್ತಿದ್ದಳು.

“ಅಜ್ಜಿ, ಕುರ್ಚಿಯಿಂದ ಹತ್ತು ಸಲ ಎದ್ದು ಕೂತ್ಕೊಂಡ್ರೆ ನಾನು ಹೊರಟೋಗ್ತೀನಿ.”

“ನೀನು ಹೋಗೋದಾದ್ರೆ ಇಪ್ಪತ್ತು ಸಲ ಏಳ್ತೀನವ್ವ.”

ನಾಲ್ಕನೆಯ ಸಲಕ್ಕೇ ಕಾಲು ನಡುಗಿತು. ಹೊರಡುವಾಗ ಅವಳು ಗೇಟಿನ ಹತ್ತಿರ ನನಗೆ ಹೇಳಿದಳು: “ಈ ತಿಂಗಳು ದಾಟಿದ್ರೆ ಕಷ್ಟ ಕಣ್ರೀ, ವಾಕರ್‌ಗೇ ಒಗ್ಗಿಹೋಗ್ತಾರೆ. ಖಾಲಿ ಹೊಟ್ಟೇಲಿ ಮಾಡಿಸ್ಬೇಡಿ ಅಂತ ಎಷ್ಟು ಸಲ ಹೇಳ್ಲಿ?”

ಲಿಂಗಪೂಜೆಯಾಗದೆ ಅಜ್ಜಿ ನೀರೂ ಮುಟ್ಟುವುದಿಲ್ಲ. ಸ್ನಾನವಾಗದೆ ಪೂಜೆಯಿಲ್ಲ. ಸ್ನಾನ ಮಾಡಿಸುವ ಆಂಟಿ ಹೆಗ್ಗನಹಳ್ಳಿಯಿಂದ ಎರಡು ಮನೆಯ ಕೆಲಸ ಮುಗಿಸಿ ಬರುವಾಗ ಹತ್ತು ಗಂಟೆ. ಹಿಂದಿನ ಸಂಜೆ ಏಳಕ್ಕೆ ಊಟ ಮಾಡಿದವಳು ಮತ್ತೆ ಬಾಯಿಗೆ ಏನಾದರೂ ಹಾಕುತ್ತಿದ್ದದ್ದು ಹನ್ನೊಂದಕ್ಕೆ.

ಲ್ಯಾಬಿನಲ್ಲಿ ನಾನು ಮಾಡುವ ಸಂಶೋಧನೆಯೂ ಈ ಹಸಿವು, ಸ್ನಾಯುಗಳ ಹತ್ತಿರದ್ದೇ. ಸ್ನಾಯುವಿನ ಎಳೆಗಳಿಗೆ ಅಂಟಿಕೊಂಡು ಕಾಂಡಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು, ಮಲಗಿರುತ್ತವೆ. ಮಲಗಿರುವಷ್ಟು ದಿನ ಕೊಬ್ಬನ್ನು ಸ್ವಲ್ಪಸ್ವಲ್ಪವೇ ಉರಿಸಿಕೊಂಡು ಇರುತ್ತವೆ. ಪೆಟ್ಟು ಬಿದ್ದರೆ ಎಚ್ಚೆತ್ತು ಸಕ್ಕರೆಯ ಕಡೆಗೆ ತಿರುಗುತ್ತವೆ, ಎರಡಾಗಿ ನಾಲ್ಕಾಗಿ ಹೊಸ ಎಳೆ ಕಟ್ಟುತ್ತವೆ. ಯಾವ ಇಂಧನ ಸಿಕ್ಕಿತು ಎಂಬುದೇ ಎಷ್ಟೋ ಸಲ ಅವುಗಳಿಗೆ ಮುಂದಿನ ದಾರಿ ಹೇಳುತ್ತದೆ. ಅವುಗಳ ಪಕ್ಕದಲ್ಲೇ ಇನ್ನೊಂದು ಜಾತಿಯ ಕೋಶಗಳಿವೆ. ಸ್ನಾಯು ಕೆಲಸವಿಲ್ಲದೆ ಬಿದ್ದಿದ್ದರೆ ಅವು ಕೊಬ್ಬಿನ ಕೋಶಗಳಾಗಿಬಿಡಬಹುದು. ಲ್ಯಾಬಿನಲ್ಲಿ ಬಣ್ಣ ಹಾಕಿದಾಗ ಆ ಕೊಬ್ಬು ಕೆಂಪು ಹನಿಗಳಾಗಿ ಕಾಣುತ್ತದೆ. ಅಜ್ಜಿಯ ಎಡಗಾಲನ್ನು ಒತ್ತುವಾಗ ನನ್ನ ಕಣ್ಣ ಮುಂದೆ ಅದೇ ಬರುತ್ತಿತ್ತು.

ಆ ಸಂಜೆ ಲ್ಯಾಬಿನಿಂದ ಬಂದವಳೇ ಅವಳ ಮಂಚದ ಮೇಲೆ ಕೂತೆ. ಉಪವಾಸವಿದ್ದರೆ ಆ ಕೋಶಗಳು ಇನ್ನೂ ಗಾಢವಾಗಿ ಮಲಗುತ್ತವೆ, ಏಳುವುದು ತಡವಾಗುತ್ತದೆ ಎಂದೆ. ಒಂದು ಲೋಟ ರಾಗಿ ಗಂಜಿಯನ್ನಾದರೂ ಮೊದಲು ಕುಡಿ ಎಂದೆ.

“ಯಾರ ಕಾಲಲ್ಲಿ ನೋಡಿದ್ದು?”

“ಇಲಿಗಳಲ್ಲಿ.”

“ಆ ಇಲಿ ಲಿಂಗ ಕಟ್ಕೊಂಡಿತ್ತೇನೇ?”

ನಗು ಬಂತು. ಸುಳ್ಳು ಹೇಳಲಾಗಲಿಲ್ಲ. ಇಲಿಗಳು ಒಂದಿಡೀ ದಿನ, ಎರಡು ದಿನ ಉಪವಾಸವಿದ್ದವು, ನಿನ್ನ ಹದಿನಾರು ಗಂಟೆಗೆ ಅದು ಹೊಂದುತ್ತದೋ ಇಲ್ಲವೋ ಗೊತ್ತಿಲ್ಲ ಎಂದು ಒಪ್ಪಿಕೊಂಡೆ. “ಆದ್ರೆ ಹಸಿದ ಹೊಟ್ಟೇಲಿ ಕಾಲು ನಡುಗೋದನ್ನ ನಾನೇ ನೋಡ್ತಿದೀನಲ್ಲ.”

“ಎಂಟು ವರ್ಷದವಳಿದ್ದಾಗಿಂದ ಬಿಟ್ಟಿಲ್ಲ. ಈಗ ಬಿಡಿಸ್ಬೇಡ.”

“ಬಿಡೋದು ಬೇಡ. ಬೇಗ ಮಾಡು. ಸ್ನಾನ ನಾನು ಮಾಡಿಸ್ತೀನಿ, ಆರಕ್ಕೇ.”

ಅಜ್ಜಿ ಗೋಡೆಯ ಕಡೆ ತಿರುಗಿದಳು. ಗೋಡೆಯನ್ನೇ ನೋಡುತ್ತ ಹೇಳಿದಳು: “ಆ ಹೆಂಗಸು ಹೊರಗಿನವಳು. ಇವತ್ತು ನೋಡ್ತಾಳೆ, ನಾಳೆ ಮರೀತಾಳೆ. ನೀನು ಮರೆಯೋದಿಲ್ಲ.”

ಎರಡು ತಿಂಗಳಿಂದ ನಾನು ಮನಸ್ಸಿನಲ್ಲೇ ಪೂಜೆಯನ್ನು ದೂರುತ್ತಿದ್ದೆ. ಮನೆಯವರ ಕಣ್ಣು ತಪ್ಪಿಸಲು ಹತ್ತು ಗಂಟೆಯನ್ನು ಆರಿಸಿಕೊಂಡವಳು ಅಜ್ಜಿಯೇ ಎಂದು ಹೊಳೆದಿರಲಿಲ್ಲ. ಅವಳ ಜಾಗದಲ್ಲಿದ್ದಿದ್ದರೆ ನಾನೂ ಅದನ್ನೇ ಆರಿಸಿಕೊಳ್ಳುತ್ತಿದ್ದೆ. ಒತ್ತಾಯ ಮಾಡದೆ ಎದ್ದು ಅಡುಗೆಮನೆಗೆ ಹೋಗಿ ಅನ್ನಕ್ಕಿಟ್ಟೆ.

ಊಟಕ್ಕೆ ಕೂತಾಗ ಅವಳೇ ಕೇಳಿದಳು, “ಚಿಲಕ ಹಾಕ್ಕೊಳ್ಳೋ ಹಾಗೆ ಆಗ್ತೀನಾ ನಾನು?”

“ಗೊತ್ತಿಲ್ಲ ಅಜ್ಜಿ. ಹೀಗೇ ಇದ್ರೆ ಆಗೋದು ಕಷ್ಟ.”

“ಬೆನ್ನು ಮಾತ್ರ ನಿನ್ನದು,” ಎಂದಳು. “ಮಿಕ್ಕಿದ್ದು ನಾನೇ ತೊಳ್ಕೋತೀನಿ. ಆಗ ಇಲಿ-ಗಿಲಿ ಅಂತ ಪಾಠ ಮಾಡ್ಬಾರ್ದು.”

ಮಾರನೆಯ ಬೆಳಿಗ್ಗೆ ಐದೂವರೆಗೆ ಗೀಸರ್ ಹಾಕಿದೆ. ಬಚ್ಚಲಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಕೆಳಗೆ ರಬ್ಬರ್ ಮ್ಯಾಟ್ ಹಾಸಿ ಅವಳನ್ನು ಕೂರಿಸಿದೆ. ಬೆನ್ನಿಗೆ ಸೋಪು ಹಚ್ಚಿ ನೀರು ಹಾಕಿದೆ. ಆಮೇಲೆ ಚೊಂಬನ್ನು ಅವಳ ಕೈಗೆ ಕೊಟ್ಟು, ಬಾಗಿಲಿಗೆ ಮುಖ ಮಾಡಿ, ಅವಳು “ಟವೆಲು” ಎನ್ನುವವರೆಗೆ ನಿಂತಿದ್ದೆ. ಏಳು ಗಂಟೆಯ ಹೊತ್ತಿಗೆ ಪೂಜೆ ಮುಗಿದಿತ್ತು. ದೋಸೆ ಹಾಕಿಕೊಟ್ಟೆ. ಅಜ್ಜಿ ಎರಡು ತಿಂದು ಇನ್ನೊಂದು ಕೇಳಿದಳು.