ನನ್ನ ಹಾಡಿನಲ್ಲಿ ಇಲ್ಲದ ಊರು

ಇವತ್ತು ಕಟಪಾಡಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದಲ್ಲಿ ಏಳುತ್ತಿರುವ ಕಟ್ಟಡದಿಂದ ಹಸಿ ಸಿಮೆಂಟಿನ ವಾಸನೆ ಬಂತು. ನನ್ನ ಪಾಲಿಗೆ ಅದು ಅಪ್ಪನ ವಾಸನೆ.

ಅಪ್ಪ ಗಾರೆ ಕೆಲಸ ಮಾಡುತ್ತಿದ್ದರು. ಬಾದಾಮಿ ಕಡೆಯಿಂದ ಕಾಪುವಿಗೆ ಬಂದಾಗ ನಾನಿನ್ನೂ ಅವ್ವನ ಕಂಕುಳಲ್ಲಿದ್ದೆನಂತೆ. ಸಂಜೆ ಎಷ್ಟು ತಿಕ್ಕಿ ತೊಳೆದರೂ ಅವರ ಉಗುರಿನ ಸಂದಿಯಲ್ಲಿ ಸಿಮೆಂಟಿನ ಬೂದು ಬಣ್ಣ ಉಳಿದೇ ಇರುತ್ತಿತ್ತು.

ಏಳನೇ ಕ್ಲಾಸಿನಲ್ಲಿ ಶಾಲೆಯ ವಾರ್ಷಿಕೋತ್ಸವಕ್ಕೆಂದು ನಾನೇ ಒಂದು ಹಾಡು ಬರೆದೆ. ಜಗತ್ತಿನಲ್ಲಿ ಯಾರೂ ಹೊರಗಿನವರಲ್ಲ, ಕಡಲ ದಡದ ಈ ಊರು ಎಲ್ಲರದು, ನನ್ನದೂ ಹೌದು ಎಂಬ ಹಾಡು. ನಮ್ಮನ್ನು ಹೊರಗಿನವರು ಎನ್ನುತ್ತಿದ್ದವರೆಲ್ಲ ಅದನ್ನು ಕೇಳಿ ಬದಲಾಗಿಬಿಡುತ್ತಾರೆ ಎಂದು ನಂಬಿದ್ದೆ. ಅಪ್ಪ ರೊಟ್ಟಿ ತಿನ್ನುತ್ತಿದ್ದಾಗ ಎದುರು ನಿಂತು ಹಾಡಿದೆ.

"ಚಲೋ ಐತಿ. ಇದರಾಗ ನಮ್ಮೂರು ಎಲ್ಲೈತವ್ವಾ?" ಎಂದರು.

"ಅದು ನಿಮ್ಮ ಊರು ಅಲ್ವಾ ಅಪ್ಪಾ? ನನಗೆ ಅಲ್ಲಿ ಎಂತ ಉಂಟು?" ಎಂದೆ.

ರೊಟ್ಟಿ ಮುರಿಯುತ್ತಿದ್ದ ಅಪ್ಪನ ಕೈ ನಿಂತಿತು. ಅವ್ವ ನನ್ನತ್ತ ಕಣ್ಣು ದೊಡ್ಡದು ಮಾಡಿದಳು. ಅಪ್ಪ ಮಾತ್ರ ಉಳಿದ ರೊಟ್ಟಿ ತಿಂದು ಕೈ ತೊಳೆಯಲು ಎದ್ದರು.

ವಾರ್ಷಿಕೋತ್ಸವದ ದಿನ ಅವರು ಕೆಲಸ ಬಿಟ್ಟು ಬಂದಿದ್ದರು. ಹಿಂದೆ ನಿಂತು ಹಾಡು ಕೇಳಿ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು. ಮನೆಗೆ ನಡೆಯುವಾಗ, "ನಿನ್ನ ಊರು ಭಾಳ ಚಂದ ಐತಿ ನೋಡು" ಎಂದರು. 'ನಿನ್ನ' ಎಂದದ್ದು ಅವತ್ತು ನನಗೆ ಕೇಳಿಸಲೇ ಇಲ್ಲ.

ಬಸ್ಸಿನಲ್ಲಿ ಸೀಟು ಸಿಕ್ಕಿದ ಕೂಡಲೇ, ಈಗ ಬಾದಾಮಿ ಕಡೆಯ ತಮ್ಮ ಊರಿಗೆ ಮರಳಿರುವ ಅಪ್ಪನಿಗೆ ಫೋನ್ ಮಾಡಿದೆ. "ಅಪ್ಪಾ, ನಮ್ಮೂರಿನ ಮನೆಯ ಎದುರು ಎಂತ ಉಂಟು? ನನಗೆ ಒಂದೂ ಗೊತ್ತಿಲ್ಲ" ಎಂದೆ.

ಅಪ್ಪ ಮನೆಯ ಬಾಗಿಲಿನಿಂದಲೇ ಶುರು ಮಾಡಿ ಒಂದೊಂದಾಗಿ ಹೇಳತೊಡಗಿದರು. ನಾನು ಇಳಿಯಬೇಕಾದ ಕಾಪು ಬಂದರೂ ಅವರ ಮಾತು ಮುಗಿದಿರಲಿಲ್ಲ.