ಪರದೆಯ ಹಿಂದೊಂದು ಬೇಸಿಗೆ

ಹುಮನಾಬಾದಿನ ಆ ಡಾಕ್ಟರು ಮೆಡಿಕಲ್ ಓದಬಯಸುವ ಕಾಲೇಜು ಮಕ್ಕಳನ್ನು ಬೇಸಿಗೆ ರಜೆಯಲ್ಲಿ ದವಾಖಾನೆಗೆ ಕರೆದು ವಿದ್ಯೆ ಧಾರೆಯೆರೆದರು ಎಂದು ಊರೆಲ್ಲ ಹೇಳುತ್ತದೆ. ನನಗೆ ಅನುಮಾನ. ಬಿ.ಎಸ್ಸಿ. ಓದುತ್ತಿದ್ದ ನನ್ನ ಅಕ್ಕನಿಗೆ ಅವರು ಏನನ್ನೂ ಕಲಿಸಲಿಲ್ಲ. ಹೆಂಗಸರು ತಮ್ಮೆದುರು ಹೇಳದ್ದನ್ನು ಕೇಳಿ ಬರಲು ಅವಳನ್ನು ಪರದೆಯ ಹಿಂದೆ ಆ ಹೆಂಗಸರ ಜೊತೆ ಕೂಡಿಸಿದರು, ಅಷ್ಟೆ. ಅವಳು ಹೊರಬಂದರೆ ಪೆನ್ನಿನ ಟೋಪಿಯಿಂದ ಕಿವಿ ಕೆರೆದುಕೊಳ್ಳುತ್ತ ಅದೇ ಪ್ರಶ್ನೆ: "ಆಕಿ ಏನಂದ್ಳವ್ವಾ?"

ಒಮ್ಮೆ ಚಿಟಗುಪ್ಪದ ಸೊಸೆಯೊಬ್ಬಳು, ನುಂಗಿದರೆ ತಲೆ ತಿರುಗುತ್ತದೆಂದು ಡಾಕ್ಟರು ಕೊಟ್ಟ ಮಾತ್ರೆಗಳನ್ನೆಲ್ಲ ಒಲೆಗೆ ಹಾಕಿದ್ದನ್ನು ಅಕ್ಕನಿಗೆ ಹೇಳಿ, ಯಾರಿಗೂ ತಿಳಿಸಬಾರದೆಂದು ಆಣೆ ಮಾಡಿಸಿಕೊಂಡಳು. ಹೊರಗೆ ಅವಳ ಅತ್ತೆ, "ಗುಣಾನ ಇಲ್ರಿ ಸಾಹೇಬ್ರ, ಜೋರಿಂದು ಕೊಡ್ರಿ," ಎನ್ನುತ್ತಿದ್ದಳು. ಡಾಕ್ಟರು ಅದೇ ಮಾತ್ರೆಯನ್ನು ಇಮ್ಮಡಿ ಬರೆದರು.

"ಅದು ಬ್ಯಾಡ್ರಿ, ಬ್ಯಾರೆ ಕೊಡ್ರಿ. ಯಾಕಂತ ಕೇಳಬ್ಯಾಡ್ರಿ," ಎಂದಳು ಪರದೆಯಿಂದ ಹೊರಬಂದ ಅಕ್ಕ.

"ಇನ್ನಾ ಕಾಲೇಜ ಮುಗದಿಲ್ಲ, ಹುಕುಂ ನೋಡ ಇಕಿದು!" ಎಂದಳು ಅತ್ತೆ.

ಡಾಕ್ಟರು ಕಾರಣ ಕೇಳಲಿಲ್ಲ. ಬರೆದದ್ದನ್ನು ಹೊಡೆದುಹಾಕಿ ಬೇರೆ ಮಾತ್ರೆ ಬರೆದುಕೊಟ್ಟರು.

ಅಕ್ಕ ತಾನೂ ಡಾಕ್ಟರಾದ ಮೇಲೆ ಇದನ್ನು ನನಗೆ ಹೆಮ್ಮೆಯಿಂದ ಹೇಳಿದಳು. ನನಗೆ ಹೆಮ್ಮೆಗಿಂತ ಕುತೂಹಲವೇ ಹೆಚ್ಚಾಯಿತು. ಊರಿಗೆ ಹೋದಾಗ ಡಾಕ್ಟರನ್ನೇ ಕೇಳಿದೆ:

"ಸಾಹೇಬ್ರ, ಅಕ್ಕನ ಮಾತು ತಪ್ಪಾಗಿದ್ರ, ಆ ಹೆಣ್ಣಮಗಳಿಗೆ ಜವಾಬ ಯಾರು ಹೇಳಬೇಕಿತ್ರಿ, ನೀವೋ ಅಕ್ಕನೋ?"