ಆಶಾರಾಣಿ ಬರೆದ ಗಾಳಿಯ ದಾರಿ

ಮಂಡ್ಯದ ಬಾಡಿಗೆ ಮನೆಯಲ್ಲಿ ಆಶಾರಾಣಿ ಮಗಳ ಜಡೆ ಹೆಣೆಯುತ್ತಿದ್ದಾರೆ. ಒಂದು ಜಡೆ ಮುಗಿದಿದೆ, ಇನ್ನೊಂದರ ಕೂದಲು ಕೈಯಲ್ಲಿರುವಾಗಲೇ ಫೋನು. ಬೆಳಕವಾಡಿ ಹತ್ತಿರದ ಕಲಾಶಾಲೆಯ ಅಟೆಂಡರ್ ಶಿವರಾಜು. “ಅಕ್ಕಾ, ಕೆಂಪರಾಜು ಮೇಷ್ಟ್ರು ನೆನ್ನೆ ಕೆಮ್ಮಿ ಕೆಮ್ಮಿ ಕುಸ್ದೋದ್ರು. ಇವತ್ತು ಅಧ್ಯಕ್ಷರು ಬತ್ತಾವ್ರೆ. ನೀವೂ ಬಂದು ಒಂದ್ಮಾತು ಏಳಿ.”

ಮಗಳ ಶಾಲೆಗೆ ರಜೆ, ಅವಳನ್ನು ಬಿಟ್ಟುಹೋಗಲು ಯಾರೂ ಇಲ್ಲ. ಒಂಟಿ ಜಡೆಯ ದೀಪಿಕಳೂ ಮಳವಳ್ಳಿ ಬಸ್ಸು ಹತ್ತುತ್ತಾಳೆ. ಆಶಾರಾಣಿಯ ಕೆಲಸದ ಬಗ್ಗೆ ಬರೆಯಲು ಬಂದ ನಾವೂ ಜೊತೆಗಿದ್ದೇವೆ.

ಕೊತ್ತತ್ತಿಯ ಆಶಾರಾಣಿ ಡಿಪ್ಲೊಮಾ ಓದಿದವರು. ಕಟ್ಟಡದೊಳಗೆ ನೀರು, ಕರೆಂಟು, ಗಾಳಿ, ಬೆಳಕು ಹೇಗೆ ಓಡಾಡಬೇಕೆಂದು ನಕ್ಷೆ ಬರೆಯುವುದು ಅವರ ಕೆಲಸ. ಉದ್ಘಾಟನೆಯ ಕಲ್ಲಿನ ಮೇಲೆ ಇಂಥವರ ಹೆಸರಿರುವುದಿಲ್ಲ. ಈ ಕಲಾಶಾಲೆಯ ಕಾರ್ಯಾಗಾರಕ್ಕೂ ನಕ್ಷೆ ಅವರದೇ. ಜೇಡಿಮಣ್ಣು ತೊಳೆದ ನೀರು ತೊಟ್ಟಿಯಲ್ಲಿ ತಂಗಿ, ಮಣ್ಣು ತಳ ಸೇರಿದ ಮೇಲಷ್ಟೇ ಚರಂಡಿಗೆ ಹೋಗುತ್ತದೆ. ಚಿತ್ರ ಬರೆಯುವ ಕೋಣೆಗೆ ಉತ್ತರದ ತಣ್ಣನೆಯ ಬೆಳಕು. ಕಲ್ಲು ಕೆತ್ತುವವರು ಕೂರುವುದು ಈಶಾನ್ಯ ಮೂಲೆಯಲ್ಲಿ. ಧೂಳೆಳೆಯುವ ಫ್ಯಾನಿಗೆ ಅಲ್ಲೇ, ಅವರ ಪಕ್ಕದ ಗೋಡೆಯಲ್ಲೇ ಕಿಂಡಿ ಬಿಡಿಸಿದ್ದರು.

ಉದ್ಘಾಟನೆಗೆ ಮುಂಚೆ ಆ ಕಿಂಡಿಗೆ ಇಟ್ಟಿಗೆ ಬಿತ್ತು. ಈಶಾನ್ಯ ದೇವಮೂಲೆ, ಅಲ್ಲಿಂದ ಕಸ ಆಚೆ ಹೋಗಬಾರದು ಎಂದರು ಕಲಾಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷ ಚಿಕ್ಕಣ್ಣ. ಮುಚ್ಚಿದ ಜಾಗದಲ್ಲಿ ದೇವರ ಪಟ ಬಂತು, ಫ್ಯಾನು ಎದುರು ಗೋಡೆಗೆ ಹೋಯಿತು. ಈಗ ಧೂಳು ಇಡೀ ಕೋಣೆ ದಾಟಿ, ಕೂತವರೆಲ್ಲರ ಮೂಗು ಸವರಿಕೊಂಡೇ ಹೊರಗೆ ಹೋಗಬೇಕು. ಅಂದು ಬೇಡವೆಂದ ಆಶಾರಾಣಿಗೆ ಸಿಕ್ಕ ಉತ್ತರ: “ನೀನು ನಲ್ಲಿ ಪೈಪು ನೋಡ್ಕಮ್ಮ.”

ನಾವು ಹೋದಾಗ ಕೆತ್ತನೆ ಕಲಿಸುವ ಕೆಂಪರಾಜು ಗೋಡೆಗೆ ಒರಗಿದ್ದಾರೆ. ಕಲ್ಲಿನ ಧೂಳಿಗೆ ರೆಪ್ಪೆಯೂ ಬೆಳ್ಳಗಾಗಿದೆ. “ಎದೆ ತುಂಬ ಕಲ್ಲೇ ಕಣಮ್ಮ. ಇನ್ನೊಸಿ ದಿನ ಬುಟ್ರೆ ನನ್ನನ್ನೇ ಕೆತ್ಬೋದು” ಎಂದು ನಗಲು ಹೋಗಿ ಕೆಮ್ಮುತ್ತಾರೆ. ಹುಡುಗರು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಉಳಿ ಹೊಡೆಯುತ್ತಲೇ ಇದ್ದಾರೆ.

“ನಂಗೆ ಹೆಸರು ಬ್ಯಾಡ” ಎನ್ನುತ್ತಾರೆ ಆಶಾರಾಣಿ ನಮ್ಮತ್ತ ತಿರುಗಿ. “ಗಾಳಿ ಹೋಗೋಕೆ ಒಂದು ದಾರಿ ಬರ್ದಿದ್ದೆ. ಅದುನ್ನ ಬುಟ್ಕೊಟ್ರೆ ಸಾಕು.”

ಚಿಕ್ಕಣ್ಣನವರ ಕಾರು ಬರುತ್ತದೆ. ಅವರು ಹೊಸ್ತಿಲಾಚೆಯೇ ನಿಲ್ಲುತ್ತಾರೆ, ಹೆಗಲ ಮೇಲಿನ ಟವೆಲ್ಲು ಮೂಗಿಗೆ ಬರುತ್ತದೆ.

“ಪಟ ಪಕ್ಕದ ಗೋಡೆಗೆ ಹಾಕಾಣ ಸಾರ್, ಕಿಂಡಿ ತೆಗೀರಿ” ಎನ್ನುತ್ತಾರೆ ಆಶಾರಾಣಿ.

“ದೇವರನ್ನ ಎಬ್ಬಿಸು ಅಂತೀಯಲ್ಲಮ್ಮ, ಹೆಣ್ಮಗಳಾಗಿ. ಎಲ್ಲದೆ ಧೂಳು? ಮೇಷ್ಟ್ರುದು ಬೀಡಿ ಕೆಮ್ಮು.”

“ನಾ ಬೀಡಿ ಸೇದಲ್ಲ ಬುದ್ದಿ” ಎಂಬ ಕೆಂಪರಾಜು ಮಾತು ಕೆಮ್ಮಿನಲ್ಲೇ ಮುಳುಗುತ್ತದೆ.

ದೀಪಿಕ ಅಮ್ಮನ ಸೆರಗು ಜಗ್ಗಿ ಕಿವಿಯಲ್ಲಿ ಏನೋ ಕೇಳುತ್ತಾಳೆ. “ಸುಮ್ಕಿರು” ಎನ್ನುತ್ತಾರೆ ಅಮ್ಮ. ಮತ್ತೆ ಜಗ್ಗುತ್ತಾಳೆ. ಈ ಸಲ ಅಮ್ಮ ಅವಳ ಬೆನ್ನು ಮೆಲ್ಲಗೆ ಮುಂದಕ್ಕೆ ತಳ್ಳುತ್ತಾರೆ.

ಉಳಿಗಳ ಸದ್ದು ನಿಂತಿದೆ. ಮಗು ಬಾಗಿಲ ಕಡೆ ತಿರುಗುತ್ತದೆ.

“ಧೂಳಿಲ್ಲ ಅಂತೀರಲ್ಲ ತಾತ, ಮತ್ತೆ ಒಳಕ್ಕೆ ಯಾಕೆ ಬರ್ತಿಲ್ಲ?”